‘ಸ್ನೀಕ್’ ಅಂದರೆ ಬರೀ ನುಸುಳುವುದಲ್ಲ

ಇಂಗ್ಲಿಷಿನ ‘ಸ್ನೀಕ್’ ಕಂಡಲ್ಲೆಲ್ಲ ‘ನುಸುಳು’ ಎಂದು ಬರೆದುಬಿಡುವ ರೂಢಿಯನ್ನು ಬಿಡಬೇಕು. ನುಸುಳಬೇಕಾದರೆ ಒಂದು ಸಂದು ಬೇಕು: ಬೇಲಿ, ಗಡಿ, ಜನರ ಗುಂಪು, ಏನಾದರೊಂದು. ಸ್ನೀಕ್ ಮಾಡುವವನಿಗೆ ಸಂದು ಬೇಕಿಲ್ಲ, ಯಾರ ಕಣ್ಣಿಗೂ ಬೀಳಬಾರದೆಂಬ ಎಣಿಕೆ ಇದ್ದರೆ ಸಾಕು. ಹಾರುಹೊಡೆದ ಬಾಗಿಲಲ್ಲೂ ಹಾಗೆ ಬರಬಹುದು.

ಈ ಪದ ಬರಹದಲ್ಲಿ ಕಾಣಿಸಿಕೊಳ್ಳುವುದು 1590ರ ದಶಕದಲ್ಲಿ. ಅದಕ್ಕೂ ಬಹಳ ಮೊದಲು ಹಳೆಯ ಇಂಗ್ಲಿಷಿನಲ್ಲಿ ‘ತೆವಳು’ ಎಂಬ ಅರ್ಥದ ‘ಸ್ನೀಕನ್’ ಇತ್ತು. ಅದೇ ಮೂಲ ಎಂದು ಮುಗಿಸಲು ಸ್ವರ ಬಿಡುವುದಿಲ್ಲ. ಹಳೆಯ ಇಂಗ್ಲಿಷಿನ ದೀರ್ಘ ‘ಈ’ ಮುಂದೆ ‘ಐ’ ಆಯಿತು: ‘ರೀಡನ್’ ಹೋಗಿ ‘ರೈಡ್’, ‘ವೀಫ್’ ಹೋಗಿ ‘ವೈಫ್’. ಆ ಲೆಕ್ಕಕ್ಕೆ ಇಂದು ನಾವು ‘ಸ್ನೈಕ್’ ಎನ್ನಬೇಕಿತ್ತು. ಎಚ್ಚರದ ನಿಘಂಟುಗಳು ಇಲ್ಲಿ ‘ಬಹುಶಃ’ ಸೇರಿಸುವುದು ಇದಕ್ಕೇ. ಆ ‘ಬಹುಶಃ’ವನ್ನು ಕಿತ್ತುಹಾಕಿ ಹಂಚುವವರ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ. ‘ಸ್ನೇಕ್’ನಿಂದ ‘ಸ್ನೀಕ್’ ಹುಟ್ಟಿತು ಎಂಬ ಮಾತೂ ನಿಲ್ಲುವುದಿಲ್ಲ. ಹಾವಿಗೆ ಆಗಲೇ ‘ಸ್ನಕ’ ಎಂಬ ಬೇರೆ ಪದವಿತ್ತು. ಇವೆರಡು ದಾಯಾದಿಗಳಾಗಿರಬಹುದು, ತಾಯಿಮಕ್ಕಳಲ್ಲ.

ಇದಕ್ಕಿಂತ ಸೊಗಸಾದದ್ದು ಗುಟ್ಟಿನ ನಡೆಗೆ ಹೇಳುವ ‘ಸ್ಟೆಲ್ತ್’. ಕದಿಯುವ ‘ಸ್ಟೀಲ್’ನಿಂದ ಬಂದ ಅದರ ಮೊದಲ ಅರ್ಥವೇ ಕಳವು. ಗುಟ್ಟಾಗಿ ಮಾಡುವ ಎಂಬರ್ಥದ ‘ಫರ್ಟಿವ್’ನೊಳಗೂ ಲ್ಯಾಟಿನ್ನಿನ ಕಳ್ಳ, ‘ಫೂರ್’, ಕೂತಿದ್ದಾನೆ. ನಮ್ಮಲ್ಲೂ ಹಾಗೆಯೇ ಅಲ್ಲವೇ? ಕದ್ದು ನೋಡುತ್ತೇವೆ, ಕದ್ದು ಕೇಳುತ್ತೇವೆ, ಕಳ್ಳಹೆಜ್ಜೆ ಇಡುತ್ತೇವೆ. ಇವುಗಳಲ್ಲಿ ಕಳವಾಗುವ ವಸ್ತು ಯಾವುದೂ ಇಲ್ಲ.

ಅನುವಾದಿಸುವಾಗ ಸಂದರ್ಭ ನೋಡಿ. ಸದ್ದಾಗದಂತೆ ಕೋಣೆಗೆ ಬಂದರೆ ಕಳ್ಳಹೆಜ್ಜೆ. ಸಭೆಯ ನಡುವೆ ಎದ್ದು ಹೋದರೆ ಮೆಲ್ಲನೆ ಜಾರಿಕೊಳ್ಳುವುದು. ಕರಾರಿನಲ್ಲಿ ಯಾರಿಗೂ ತಿಳಿಯದಂತೆ ಒಂದು ಸಾಲು ಸೇರಿಸಿದರೆ ತೂರಿಸುವುದು. ‘ಸ್ನೀಕಿಂಗ್ ಸಸ್ಪಿಷನ್’ ಒಳಗೊಳಗೇ ಕೊರೆಯುವ ಅನುಮಾನ. ಬ್ರಿಟಿಷ್ ಶಾಲಾಮಕ್ಕಳ ಬಾಯಲ್ಲಿ ‘ಸ್ನೀಕ್’ ಎಂದರೆ ಚಾಡಿಕೋರ, ಅಲ್ಲಿ ನಡಿಗೆಯ ಮಾತೇ ಇಲ್ಲ. ‘ಹೊಂಚು’ ಮಾತ್ರ ಇಲ್ಲಿಗೆ ಒಗ್ಗದು, ಹೊಂಚುವವನು ಒಂದೆಡೆ ಕಾದಿರುತ್ತಾನೆ. ಅದು ‘ಲರ್ಕ್’ನ ಪಾಲು.

ರಬ್ಬರ್ ಅಟ್ಟೆಯ ಬೂಟಿಗೆ ‘ಸ್ನೀಕರ್’ ಎಂಬ ಹೆಸರು 19ನೇ ಶತಮಾನದ್ದು, ಹೆಜ್ಜೆ ಸಪ್ಪಳವಾಗದು ಎಂಬುದೇ ಕಾರಣ. ‘ಸ್ನೀಕ್ ಪೀಕ್’ನ ‘ಪೀಕ್’ ಇಣುಕುನೋಟ (peek), ಶಿಖರವಲ್ಲ (peak). ಇಂಗ್ಲಿಷಿನಲ್ಲಿ ಬರೆಯುವವರು ಇಲ್ಲಿ ಆಗಾಗ ಎಡವುತ್ತಾರೆ, ಕನ್ನಡ ಲಿಪಿಯಲ್ಲಿ ಆ ತಪ್ಪು ಕಾಣುವುದೇ ಇಲ್ಲ.

ಭೂತಕಾಲಕ್ಕೆ ‘ಸ್ನೀಕ್ಡ್’ ಹಳೆಯದು. ‘ಸ್ನಕ್’ 19ನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಹುಟ್ಟಿತು. ಇಂಗ್ಲಿಷ್ ಕ್ರಿಯಾಪದಗಳು ಸಾಮಾನ್ಯವಾಗಿ ಹಳೆಯ ‘ಹೋಲ್ಪ್’ ಬಿಟ್ಟು ‘ಹೆಲ್ಪ್ಡ್’ ಆದಂತೆ ನಿಯಮದ ಕಡೆ ಸರಿಯುತ್ತವೆ. ‘ಸ್ನೀಕ್’ ನಿಯಮದೊಳಗಿದ್ದು ಹೊರಗೆ ನಡೆದ ಪದ. ಅಮೆರಿಕದ ಓದುಗರಿಗೆ ಎರಡೂ ನಡೆಯುತ್ತವೆ, ಬ್ರಿಟನ್ನಿನ ಗಂಭೀರ ಬರಹಕ್ಕೆ ‘ಸ್ನೀಕ್ಡ್’ ಇರಲಿ.