ಹಾಡುವವರಿಲ್ಲದ ಆಲ್ಬಮ್ಮಿಗೆ ಡೆಟ್ರಾಯಿಟ್ ಕೊಟ್ಟ ಮರ್ಯಾದೆ

ಡೆಟ್ರಾಯಿಟ್ ಸೀಮೆಗೆ ಬಂದು ನೆಲೆಸಿದ ಮೇಲೆ ಇಲ್ಲಿಯವರ ಒಂದು ರೀತಿ ನನಗೆ ಬಹಳ ಹಿಡಿಸಿತು. ಹಾಡಿದವರಷ್ಟೇ ಅಕ್ಕರೆಯಿಂದ ಇವರು ಬೀಟ್, ಅಂದರೆ ರ್‍ಯಾಪ್ ಹಾಡಿನ ಹಿಂದಿನ ತಾಳ-ಸಂಗೀತ, ಕಟ್ಟಿದವರನ್ನೂ ನೆನೆಯುತ್ತಾರೆ. ಹಿಪ್-ಹಾಪ್ ಬೀಟ್‌ಗಳಿಗೆ ಹೆಸರಾದ ಜೇ ಡಿಲ್ಲಾ ಹೆಸರು ತೆಗೆದರೆ ಸಾಕು, ಮಾತಿಗೆ ಕೂತುಬಿಡುತ್ತಾರೆ.

ಡಿಲ್ಲಾ, ಅಂದರೆ ಜೇಮ್ಸ್ ಯಾನ್ಸಿ, ಇದೇ ಊರಿನಲ್ಲಿ 1974ರಲ್ಲಿ ಹುಟ್ಟಿದವನು. ದೊಡ್ಡ ಕಂಪನಿಯೊಂದಕ್ಕೆ ಮಾಡಿಕೊಟ್ಟ ಆಲ್ಬಮ್ ಬಿಡುಗಡೆಯಾಗದೆ ಮೂಲೆ ಸೇರಿದ ಮೇಲೆ ಅವನು ಸ್ವತಂತ್ರವಾಗಿ ಸಂಗೀತ ಹೊರತರತೊಡಗಿದ. ಲಾಸ್ ಏಂಜಲೀಸ್‌ನ ಸಣ್ಣ ಸಂಸ್ಥೆ ಸ್ಟೋನ್ಸ್ ಥ್ರೋ ಅವನ 'ಡೋನಟ್ಸ್' ಹೊರತಂದದ್ದು 2006ರ ಫೆಬ್ರುವರಿ 7ರಂದು, ಅವನ 32ನೇ ಹುಟ್ಟುಹಬ್ಬದ ದಿನ. ಮೂರೇ ದಿನಕ್ಕೆ ರಕ್ತದ ಅಪರೂಪದ ಕಾಯಿಲೆ ಮತ್ತು ಲೂಪಸ್‌ನಿಂದ ಬಳಲುತ್ತಿದ್ದ ಅವನು ತೀರಿಕೊಂಡ.

ಆಲ್ಬಮ್ಮಿನಲ್ಲಿ 31 ತುಣುಕುಗಳಿವೆ, ಹೆಚ್ಚಿನವು ಒಂದೂವರೆ ನಿಮಿಷದ ಆಸುಪಾಸು. ರ್‍ಯಾಪರ್ ಒಬ್ಬನೂ ಇಲ್ಲ. 'ಡೋಂಟ್ ಕ್ರೈ' ಎಂಬುದನ್ನೇ ಕೇಳಿ. ಸೋಲ್ ಎಂಬ ಆಫ್ರಿಕನ್ ಅಮೆರಿಕನ್ ಶೈಲಿಯ ಹಳೆಯ ಹಾಡೊಂದನ್ನು ಮೊದಲು ಇದ್ದ ಹಾಗೆಯೇ ಹರಿಯಬಿಡುತ್ತಾನೆ. ಕಿವಿ ಅದಕ್ಕೆ ಒಗ್ಗಿತು ಅನ್ನುವಾಗ ಅದೇ ದನಿಯನ್ನು ಚೂರುಚೂರು ಮಾಡಿ, ಹೊಸ ಲಯಕ್ಕೆ ಕೂರಿಸುತ್ತಾನೆ. ತನ್ನ ಕೈಚಳಕವನ್ನು ನಮ್ಮೆದುರೇ ಬಿಚ್ಚಿಟ್ಟ ಹಾಗೆ. ಡ್ರಮ್ ಮಷೀನಿನಲ್ಲಿ ಪ್ರತಿ ಪೆಟ್ಟನ್ನೂ ಲೆಕ್ಕಕ್ಕೆ ಸರಿಹೊಂದಿಸುವ ಸೌಲಭ್ಯವಿರುತ್ತದೆ. ಡಿಲ್ಲಾ ಅದಕ್ಕೆ ಪೂರ್ತಿ ಒಪ್ಪಿಸಿಕೊಳ್ಳದೆ, ಒಂದು ಪೆಟ್ಟನ್ನು ಕೂದಲೆಳೆಯಷ್ಟು ಹಿಂದೆ, ಇನ್ನೊಂದನ್ನು ಅಷ್ಟೇ ಮುಂದೆ ಇಡುವುದಕ್ಕೆ ಹೆಸರಾದವನು. ಕರ್ನಾಟಕ ಸಂಗೀತದ ಅತೀತ, ಅನಾಗತ ಎಡುಪು, ಅಂದರೆ ತಾಳದ ಪೆಟ್ಟಿಗಿಂತ ಮೊದಲೋ ಆಮೇಲೋ ಹಾಡು ಎತ್ತಿಕೊಳ್ಳುವುದನ್ನು, ಕೇಳಿ ಬೆಳೆದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ಲೆಕ್ಕ ಬೇರೆ, ಲಯದ ಜೊತೆ ಆಡುವ ಆಸೆ ಒಂದೇ.

ವಿಮರ್ಶಕರು ಆಗಲೇ ಮೆಚ್ಚಿದರು. ಅದೇ ವರ್ಷ ರ್‍ಯಾಪರ್ ಗೋಸ್ಟ್‌ಫೇಸ್ ಕಿಲ್ಲಾ, ಹಿಪ್-ಹಾಪ್ ತಂಡ ದಿ ರೂಟ್ಸ್ ಈ ಬೀಟ್‌ಗಳ ಮೇಲೆ ತಮ್ಮ ಆಲ್ಬಮ್ಮುಗಳಿಗೆ ಹಾಡು ಕಟ್ಟಿದರು. ಅವನು ಬೀಟ್ ಕಟ್ಟುತ್ತಿದ್ದ ಎಂಪಿಸಿ ಎಂಬ ಡ್ರಮ್ ಮಷೀನು ಇಂದು ವಾಷಿಂಗ್ಟನ್‌ನ ಆಫ್ರಿಕನ್ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಒಂದು ವಿಚಾರದಲ್ಲಿ ಮಾತ್ರ ನನಗೆ ಇಲ್ಲಿಯವರ ಮೇಲೆ ತಕರಾರಿದೆ. ಆಲ್ಬಮ್ ಇಡಿಯಾಗಿ ಆಸ್ಪತ್ರೆಯ ಹಾಸಿಗೆಯಲ್ಲೇ ಹುಟ್ಟಿತೆಂಬ ಕಥೆಯನ್ನು ಇನ್ನೂ ಹೇಳುತ್ತಾರೆ. ಬಹುಪಾಲು ಕೆಲಸ ಮನೆಯಲ್ಲೇ ಆಗಿತ್ತೆಂದು ಆಮೇಲೆ ಹುಡುಕಿ ಬರೆದವರಿದ್ದಾರೆ. ಸಾವಿನ ಕಥೆಗೆ ಕಣ್ಣೀರಿಟ್ಟು ಕಸುಬನ್ನು ಮರೆತರೆ ಅವನಿಗೆ ಅನ್ಯಾಯ.

ನಮ್ಮಲ್ಲಿ? ಸಂಗೀತ ನಿರ್ದೇಶಕರಿಗೆ ನಾವು ಕಡಿಮೆ ಮಾಡಿಲ್ಲ, ರಾಜನ್-ನಾಗೇಂದ್ರ ಎಂದರೆ ಇಂದಿಗೂ ಮನಸ್ಸು ತುಂಬುತ್ತದೆ. ಆದರೆ ಸಂಗೀತ ಕಚೇರಿಯಲ್ಲಿ ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನ ಶುರುವಾದರೆ ಅರ್ಧ ಸಭೆ ಕಾಫಿಗೆ ಏಳುತ್ತದೆ. ಮೃದಂಗದವರು ತಲೆ ಎತ್ತುವಷ್ಟರಲ್ಲಿ ಎದುರಿಗೆ ಖಾಲಿ ಕುರ್ಚಿಗಳು. ಈ ಅಭ್ಯಾಸವನ್ನು ನಾವು ಹೊರನಾಡಿಗೂ ಹೊತ್ತು ತಂದಿದ್ದೇವೆ. ರಾಜ್ಯೋತ್ಸವಕ್ಕೆ ಕರೋಕೆ ಹಾಕಿ ಹಾಡುತ್ತೇವೆ, ಹಾಡಿದವರಿಗೆ ಶಾಲು ಹೊದಿಸುತ್ತೇವೆ. ಆ ಮೂಲ ಹಾಡಿಗೆ ತಬಲಾ, ಕೊಳಲು ನುಡಿಸಿದವರು ಯಾರೆಂದು ಯಾರೂ ಕೇಳುವುದಿಲ್ಲ.

ತಾಳವನ್ನೇ ಮುಂದಿಟ್ಟವರು ನಮ್ಮಲ್ಲಿ ಇಲ್ಲವೆಂದಲ್ಲ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಬೆಂಗಳೂರಿನಲ್ಲಿ 1964ರಲ್ಲೇ ಶುರುವಾಯಿತು. ಅವರ ತಂಡ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ನುಡಿಸಿದ ಆಲ್ಬಮ್ಮನ್ನು ಜರ್ಮನಿಯ ಇಸಿಎಂ ಸಂಸ್ಥೆ ಹೊರತಂದಿತು. ಯುರೋಪಿನ ಜಾಝ್ ಪ್ರಿಯರು ಕೊಂಡು ಕೇಳಿದ ಆ ರೆಕಾರ್ಡನ್ನು ನಮ್ಮೂರಿನ ಎಷ್ಟು ಮನೆಗಳಲ್ಲಿ ಕೇಳಿದ್ದೇವೆ?

ಈಗ ಕನ್ನಡದಲ್ಲಿ ರ್‍ಯಾಪ್ ಚೆನ್ನಾಗಿ ಬೆಳೆಯುತ್ತಿದೆ, ಹೊಸ ಹುಡುಗ ಹುಡುಗಿಯರ ಸಾಲುಗಳನ್ನು ಜನ ಬಾಯಿಪಾಠ ಹೇಳುತ್ತಾರೆ. ಬೀಟ್ ಮಾಡಿದವರ ಹೆಸರು ಮಾತ್ರ ಎಷ್ಟೋ ಸಲ ಯೂಟ್ಯೂಬ್ ವಿವರಣೆಯ ಅಡಿಯಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಅದು ಹಾಡಿನ ಹೆಸರಿನ ಪಕ್ಕಕ್ಕೆ ಬರಲಿ. ಡೊಳ್ಳು, ತಮಟೆ, ಹಳೆಯ ಹಾಡಿನ ಚೂರುಗಳನ್ನು ಇಟ್ಟುಕೊಂಡು ರಾತ್ರಿಯೆಲ್ಲ ಕೂರುವ ಆ ಹುಡುಗರು, ರ್‍ಯಾಪರ್ ಸಿಗಲೆಂದು ಕಾಯದೆ, ಬರೀ ಬೀಟ್‌ಗಳದ್ದೇ ಒಂದು ಆಲ್ಬಮ್ ತರಲಿ. ದುಡ್ಡು ಕೊಟ್ಟು ಕೊಳ್ಳುವವರಲ್ಲಿ ನಾನು ಮೊದಲಿಗ.