ಕಣ್ಣಿಗೆ ಪಟ್ಟಿ, ಜೇಬಿಗೆ ಕತ್ತರಿ

ನಿಮ್ಮ ಮಗುವಿನ ನಡುಮಿದುಳು ಆನ್ ಆಗಿದೆಯಾ? ಆಗಿಲ್ಲವಂತೆ. ಗಾಬರಿ ಬೇಡ, ‘ಮಿಡ್‌ಬ್ರೈನ್ ಆಕ್ಟಿವೇಶನ್’ ಕ್ಲಾಸಿನವರು ಆನ್ ಮಾಡಿ ಕೊಡುತ್ತಾರೆ. ಫೀಸು ಸಾವಿರಗಳ ಲೆಕ್ಕದಲ್ಲಿ. ಆಮೇಲೆ ಮಗು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಪೇಪರ್ ಓದುತ್ತದೆ, ಬಣ್ಣ ಹೇಳುತ್ತದೆ. (ಕಣ್ಣು ಬಿಟ್ಟುಕೊಂಡು ಓದಲಿ ಅಂತಲೇ ನಾವು ಟ್ಯೂಷನ್ನಿಗೆ ಹಾಕಿರೋದು. ಇರಲಿ.)

ನಡುಮಿದುಳು ಅಂದರೆ ಮಿದುಳಿನ ಬುಡದ ಕಾಂಡದ ಮೇಲ್ತುದಿಯಲ್ಲಿರುವ ಸಣ್ಣ ಭಾಗ. ಕಣ್ಣುಗುಡ್ಡೆ ಹೊರಳಿಸೋದು, ಸದ್ದಾದ ಕಡೆ ತಿರುಗಿಸೋದು, ನಮ್ಮನ್ನು ಎಚ್ಚರವಾಗಿಡೋದು, ಇಂಥ ಕೆಲಸ ಅದರದ್ದು. ಹುಟ್ಟಿದಾಗಿನಿಂದ ಡ್ಯೂಟಿಯಲ್ಲಿದೆ. ನಿಜವಾಗಿ ಆಫ್ ಆಗಿದ್ದರೆ ಮಗುವನ್ನು ಕ್ಲಾಸಿಗಲ್ಲ, ಐಸಿಯುಗೆ ಸೇರಿಸಬೇಕಿತ್ತು.

ಪ್ರದರ್ಶನದ ದಿನ ಮಗುವಿನ ಗಲ್ಲ ಗಮನಿಸಿ. ಕಾರ್ಡನ್ನು ಎದೆ ಹತ್ತಿರ ಹಿಡಿದು, ಗಲ್ಲ ಒಂಚೂರು ಎತ್ತಿ, ಪಟ್ಟಿಯ ಕೆಳಗೆ ಮೂಗಿನ ಪಕ್ಕ ಉಳಿಯುವ ಸಂದಿಗೆ ಸರಿಯಾಗಿ ತಂದುಕೊಂಡ ಮೇಲೇ ‘ಕೆಂಪು’ ಅನ್ನುತ್ತದೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಬಯಲು ಮಾಡುತ್ತಾ ಬಂದಿದ್ದೂ ಇದೇ ಸಂದಿಯನ್ನು. ಅದನ್ನು ಮುಚ್ಚಿದರೆ ನಡುಮಿದುಳಿಗೆ ತಕ್ಷಣ ನಿದ್ದೆ. ಕ್ಲಾಸಿನವರನ್ನು ಕೇಳಿದರೆ, ‘ನೀವು ನಂಬ್ತಿಲ್ಲ ಸಾರ್, ಅದಕ್ಕೇ ಮಗುಗೆ ಕಾಣಿಸ್ತಿಲ್ಲ.’

ಮಕ್ಕಳ ಮಿದುಳಿನ ಒಳಗೆ ನಿಜವಾಗಿ ನೋಡಿದವರೂ ಇದ್ದಾರೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ತಂಡವೊಂದು 300ಕ್ಕೂ ಜಾಸ್ತಿ ಮಕ್ಕಳನ್ನು ಎಂಆರ್‌ಐ ಮಾಡಿ 2006ರಲ್ಲಿ ವರದಿ ಕೊಟ್ಟಿತು. ಬುದ್ಧಿ ಪರೀಕ್ಷೆಯಲ್ಲಿ ತುಂಬಾ ಮುಂದಿದ್ದವರ ಮಿದುಳಿನ ಹೊರಪದರ ಚಿಕ್ಕಂದಿನಲ್ಲಿ ಉಳಿದವರಿಗಿಂತ ತೆಳುವಾಗಿಯೇ ಇತ್ತು. ಅದು ನಿಧಾನವಾಗಿ ದಪ್ಪಗಾಗಿ, ಸುಮಾರು 11ನೇ ವಯಸ್ಸಿಗೆ ತುತ್ತತುದಿ ಮುಟ್ಟಿ, ಮತ್ತೆ ತೆಳುವಾಗುತ್ತಾ ಹೋಯಿತು. ಅವಸರವೇ ಇಲ್ಲ! ಇಂಥ ಮಗುವನ್ನು 7ನೇ ವಯಸ್ಸಿನಲ್ಲಿ ನಮ್ಮ ಕ್ಲಾಸಿನವರಿಗೆ ತೋರಿಸಿದ್ದರೆ ಏನನ್ನುತ್ತಿದ್ದರು? ‘ಸ್ವಲ್ಪ ತೆಳು ಇದೆ ಮೇಡಂ, ಅಡ್ವಾನ್ಸ್ಡ್ ಲೆವೆಲ್ಲಿಗೂ ಸೇರಿಸಿಬಿಡಿ.’

ಹಾಗಂತ ಫೀಸು ಪೂರ್ತಿ ದಂಡ ಅನ್ನೋ ಹಾಗಿಲ್ಲ. ಸಂದಿಯಲ್ಲಿ ನೋಡಿ, ನೋಡಿಲ್ಲ ಅಂತ ಅಜ್ಜಿ, ಅತ್ತೆ, ಪಕ್ಕದ ಮನೆಯವರ ಎದುರು ಮುಖ ಬದಲಾಗದಂತೆ ಸುಳ್ಳನ್ನು ನಿಭಾಯಿಸಬೇಕಲ್ಲ, ಅದಕ್ಕೆ ಹಣೆಯ ಹಿಂದಿನ ಮುಂಮಿದುಳು ಚೆನ್ನಾಗಿ ದುಡಿಯಬೇಕು. ಅಂದರೆ ನಡುಮಿದುಳಿಗೆ ದುಡ್ಡು ಕೊಟ್ಟರೆ ಮುಂಮಿದುಳಿಗೆ ವ್ಯಾಯಾಮ ಫ್ರೀ. ಪಾಪ, ಅದಕ್ಕೆ ಬೇರೆ ಬಿಲ್ ಹಾಕಬಹುದು ಅಂತ ಇನ್ನೂ ಅವರಿಗೆ ಹೊಳೆದಿಲ್ಲ.