ಚರ್ಚ್ ವಿಲೀನವಾದರೆ ಹಳೆಯ ದೀಕ್ಷಾಸ್ನಾನ ಪತ್ರ ರದ್ದಾಗುತ್ತದೆಯೇ?

‘ಎರಡು ಧರ್ಮಕೇಂದ್ರಗಳು (ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಭಕ್ತ ಸಮುದಾಯ) ಒಂದಾದರೆ ಹಳೆಯ ದೀಕ್ಷಾಸ್ನಾನ (ಬ್ಯಾಪ್ಟಿಸಮ್), ಮದುವೆ ದಾಖಲೆಗಳು ನಡೆಯುವುದಿಲ್ಲ, ಮತ್ತೆ ಮಾಡಿಸಿ’ ಎನ್ನುವ ಸಂದೇಶ ಕಲಬುರಗಿ, ಬೀದರ್ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ತಲೆ ಎತ್ತುತ್ತದೆ. ಇದು ತಪ್ಪು.

ಕಥೋಲಿಕರಲ್ಲಿ ದೀಕ್ಷಾಸ್ನಾನ ಒಮ್ಮೆ ಮಾತ್ರ. ಧರ್ಮಕೇಂದ್ರಗಳನ್ನು ಕೂಡಿಸುವ ಅಧಿಕಾರ ಅವು ಸೇರಿರುವ ಧರ್ಮಪ್ರಾಂತ್ಯದ (ಡಯಾಸಿಸ್) ಬಿಷಪ್‌ಗೆ ಇದೆ, ಅದೂ ಗುರುಗಳ (ಪಾದ್ರಿಗಳ) ಮಂಡಳಿಯನ್ನು ಕೇಳಿದ ಮೇಲೆ. ಹೀಗೆ ಕೂಡಿದಾಗ ಆಸ್ತಿ, ಹಕ್ಕು, ಹೊಣೆ ಹೊಸ ಧರ್ಮಕೇಂದ್ರಕ್ಕೆ ಸೇರುತ್ತವೆ. ಹಳೆಯ ರಿಜಿಸ್ಟರ್‌ಗಳನ್ನು ಜೋಪಾನ ಮಾಡಬೇಕೆಂದು ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 535ನೇ ನಿಯಮವೇ ಹೇಳುತ್ತದೆ. ಗುಲ್ಬರ್ಗ 2014ರಲ್ಲಿ ಕಲಬುರಗಿ ಆಯಿತಲ್ಲ, ಅಂದ ಮಾತ್ರಕ್ಕೆ ನಮ್ಮ ಹಳೇ ಮಾರ್ಕ್ಸ್ ಕಾರ್ಡ್ ಯಾರೂ ಹರಿದು ಹಾಕಲಿಲ್ಲ!

ಗೊಂದಲ ಹುಟ್ಟಿದ್ದು ಬಹುಶಃ ಇಲ್ಲಿಂದ: ಮದುವೆ ಗೊತ್ತಾದಾಗ ಫಾದರ್ ‘ದೀಕ್ಷಾಸ್ನಾನ ಪತ್ರದ ಹೊಸ ಪ್ರತಿ ತನ್ನಿ’ ಅನ್ನುತ್ತಾರೆ. ಹಳೆಯದು ಸುಳ್ಳು ಎಂದಲ್ಲ. ದೃಢೀಕರಣ ಸಂಸ್ಕಾರ (ಕನ್ಫರ್ಮೇಶನ್), ಮದುವೆಯ ವಿವರವನ್ನು ಮೂಲ ದಾಖಲೆಯ ಬದಿಯಲ್ಲೇ ಬರೆಯುತ್ತಾರೆ. ಮೊದಲೇ ಮದುವೆ ಆಗಿದೆಯೇ ಎಂಬುದು ತಾಜಾ ಪ್ರತಿಯಲ್ಲಿ ತಿಳಿಯುತ್ತದೆ, ಮನೆಯ ಪೆಟ್ಟಿಗೆಯಲ್ಲಿರುವ ಕಾಗದದಲ್ಲಿ ಅಲ್ಲ.

ಇಂಥ ಸಂದೇಶ ಬಂದರೆ ಬಿಷಪ್ ಆದೇಶದ ದಿನಾಂಕ ಅದರಲ್ಲಿದೆಯೇ ನೋಡಿ. ಸಂಹಿತೆ ವ್ಯಾಟಿಕನ್ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ, ವಿಲೀನ ಮತ್ತು ಬಿಷಪ್ ಅಧಿಕಾರದ ಬಗ್ಗೆ ಹೇಳುವ 121 ಮತ್ತು 515ನೇ ನಿಯಮಗಳನ್ನೂ ಓದಿ. ಇಲ್ಲವೇ ಭಾನುವಾರ ಪೂಜೆ ಮುಗಿದ ಮೇಲೆ ಕಚೇರಿಗೆ ಹೋಗಿ, ಅಜ್ಜ-ಅಜ್ಜಿಯ ಹೆಸರಿರುವ ರಿಜಿಸ್ಟರ್ ಈಗ ಎಲ್ಲಿದೆ ಎಂದು ಕೇಳಿ.